ನಾಲ್ಕು ಜನ ಸೇರಲಿ

ಕಳೆದ ವಾರ ಪೀಣ್ಯದಲ್ಲಿ ನಾನೊಂದು ಪಾಠ ಕಲಿತೆ. ಪಾಠ ಹೇಳುವುದನ್ನೇ ವೃತ್ತಿಯಾಗಿ ಮಾಡಿಕೊಂಡವನಿಗೆ ಪಾಠ ಕಲಿಯುವ ಯೋಗ ಒದಗುವುದು ಅಪರೂಪ. ಒದಗಿದಾಗ ಅದನ್ನು ವಾಚಕರೊಡನೆ ಹಂಚಿಕೊಳ್ಳದಿದ್ದರೆ ಕೃಪಣನೆನಿಸಿಕೊಂಡೇನು.

ಸಂಜೆ ಆರೂವರೆಯ ಹೊತ್ತು. ಮಿತ್ರರ ಮನೆಯ ನಾಮಕರಣ ಮುಗಿಸಿಕೊಂಡು, ಎಂಟು ವರ್ಷದ ಮಗಳ ಕೈ ಹಿಡಿದು ತುಮಕೂರು ರಸ್ತೆಯ ಅಂಚಿಗೆ ಬಂದು ನಿಂತೆ. ನನ್ನ ಸ್ಕೂಟರು ದುರಸ್ತಿಗೆ ಹೋಗಿತ್ತು. ನಮ್ಮ ಬಸ್ಸು ನಿಲ್ಲುವುದು ಆಚೆಯ ಬದಿಯಲ್ಲಿ. ನಡುವೆ ಇದ್ದದ್ದು ಒಂದು ರಸ್ತೆ, ಅಷ್ಟೇ. ತಲೆಯ ಮೇಲೆ ಮೇಲುಸೇತುವೆ. ಅದರ ಕೆಳಗೆ ಲಾರಿ, ಟೆಂಪೊ, ಬಸ್ಸು, ಕಾರುಗಳ ಎಡೆಬಿಡದ ಪ್ರವಾಹ. ಒಂದು ಹೆಜ್ಜೆ ಮುಂದಿಡುವುದು, ಎರಡು ಹೆಜ್ಜೆ ಹಿಂದೆ ಸರಿಯುವುದು, ಇದೇ ನಮ್ಮ ಪ್ರಯಾಣವಾಯಿತು. ಬೇಸರ ಕಳೆಯಲೆಂದು ಮಗಳು ವಾಹನಗಳನ್ನು ಎಣಿಸತೊಡಗಿದಳು. ನೂರ ನಲವತ್ತಕ್ಕೆ ಸೋತು, "ಅಪ್ಪಾ, ಈ ರಸ್ತೆ ಯಾವಾಗ ಮುಗಿಯುತ್ತೆ?" ಎಂದು ಕೇಳಿದಳು.

ನಮ್ಮ ಹಿಂದೆ ಒಬ್ಬ ಹೆಣ್ಣುಮಗಳು ಬಂದು ನಿಂತಿದ್ದಳು. ಗಾರ್ಮೆಂಟ್ಸ್ ಕೆಲಸ ಬಿಟ್ಟು ಬಂದವಳೆಂಬುದು ಕೈಯಲ್ಲಿದ್ದ ಊಟದ ಡಬ್ಬಿಯ ಚೀಲದಿಂದಲೂ ಕಣ್ಣಿನ ಆಯಾಸದಿಂದಲೂ ತಿಳಿಯುತ್ತಿತ್ತು. ನನ್ನ ಹೋಯ್ದಾಟವನ್ನು ಸ್ವಲ್ಪ ಹೊತ್ತು ನೋಡಿ ಆಕೆ ಹೇಳಿದಳು: "ಇರಿ ಸಾರ್, ಅವಸರ ಮಾಡ್ಬೇಡಿ. ನಾಲ್ಕು ಜನ ಸೇರಲಿ. ಒಬ್ಬಿಬ್ಬರಿಗೆ ಯಾರೂ ನಿಲ್ಸಲ್ಲ, ಗುಂಪಾದ್ರೆ ನಿಲ್ಲಿಸ್ತಾರೆ."

"ದೂರದಲ್ಲಿ ದಾಟುಸೇತುವೆ ಇದೆಯಲ್ಲಮ್ಮ, ಅಲ್ಲಿಂದ ಹೋಗಬಾರದೆ?" ಎಂದೆ. ಪಾಠ ಹೇಳುವವನ ಚಾಳಿ ಅಷ್ಟು ಬೇಗ ಬಿಡುವುದಿಲ್ಲ.

"ಅಲ್ಲಿವರೆಗೂ ನಡೆದು, ಹತ್ತಿ, ಇಳಿದು, ಮತ್ತೆ ಇಷ್ಟು ದೂರ ವಾಪಸ್ ಬರೋ ಹೊತ್ತಿಗೆ ನನ್ನ ಬಸ್ಸು ಹೋಗಿರುತ್ತೆ ಸಾರ್. ಮನೇಲಿ ಮಗು ಕಾಯ್ತಿರುತ್ತೆ."

ನಾನು ಸುಮ್ಮನಾದೆ. ಜನ ಸೇರಿದರು: ಸಮವಸ್ತ್ರದ ಇಬ್ಬರು ಕಾರ್ಮಿಕರು, ತರಕಾರಿ ಚೀಲ ಹಿಡಿದ ವೃದ್ಧರು, ಪುಸ್ತಕದ ಚೀಲ ಹೊತ್ತ ಹುಡುಗ. ಆಕೆ ಬಲಗೈಯನ್ನು ಎತ್ತಿ ಹಿಡಿದು ರಸ್ತೆಗಿಳಿದಳು; ಎಡಗೈಯಲ್ಲಿ ನನ್ನ ಮಗಳ ಇನ್ನೊಂದು ಕೈ. ಲಾರಿಯೊಂದು ಗೊಣಗುತ್ತಾ ನಿಂತಿತು. ಆಚೆಯ ಬದಿಯಲ್ಲಿ ನಾನು ಕೃತಜ್ಞತೆ ಹೇಳುವಷ್ಟರಲ್ಲಿ ಆಕೆ ಬಸ್ಸಿನ ಹಿಂದೆ ಓಡಿದ್ದಳು.

ಮನೆಗೆ ಬಂದ ಮೇಲೂ "ಒಬ್ಬಿಬ್ಬರಿಗೆ ಯಾರೂ ನಿಲ್ಸಲ್ಲ" ಎಂಬ ಮಾತು ಮನಸ್ಸನ್ನು ಬಿಡಲಿಲ್ಲ.

ನಾವು ನಿಂತಿದ್ದೆಡೆಯ ಆ ಮೇಲುಸೇತುವೆಯ ಕಥೆ ವಾಚಕರಿಗೆ ನೆನಪಿದ್ದೀತು. ಗೊರಗುಂಟೆಪಾಳ್ಯದಿಂದ ನಾಗಸಂದ್ರದ ಕಡೆಗೆ ನಾಲ್ಕು ಕಿಲೋಮೀಟರಿಗೂ ಮಿಗಿಲಾಗಿ ಚಾಚಿರುವ ಅದರ ಕೇಬಲ್ಲುಗಳಲ್ಲಿ ದೋಷ ಕಂಡುಬಂದು, ೨೦೨೧ರ ಡಿಸೆಂಬರಿನಲ್ಲಿ ಅದನ್ನು ಮುಚ್ಚಿದರು. ೨೦೨೨ರ ಫೆಬ್ರವರಿಯಲ್ಲಿ ಲಘು ವಾಹನಗಳಿಗೆ ತೆರೆದರು; ಭಾರಿ ವಾಹನಗಳು ಮತ್ತೆ ಮೇಲೇರಿದ್ದು ೨೦೨೪ರ ಜುಲೈನಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರು ಸೇತುವೆಯ ಬಲವನ್ನು ಪರೀಕ್ಷಿಸಿದರು. ಹೊಸ ಕೇಬಲ್ಲುಗಳು ಬಂದವು. ಇದೆಲ್ಲ ಆಗಬೇಕಾದದ್ದೇ. ಆದರೆ ಆ ಎರಡೂವರೆ ವರ್ಷ ಲಾರಿಗಳೆಲ್ಲ ಹರಿದದ್ದು ಆ ಹೆಣ್ಣುಮಗಳು ದಾಟುವ ಕೆಳಗಿನ ದಾರಿಯಲ್ಲಿ. ಸೇತುವೆಯ ಮೇಲೆ ಹೋಗಲಾರದವರ ಕಷ್ಟ ಊರಿನ ಮಾತಾಗಿತ್ತು. ಕೆಳಗೆ ದಾಟಲಾರದವರ ಕಷ್ಟವನ್ನು ಕೇಳಿದವರನ್ನು ನಾನು ಕಾಣೆ. ನಾನೂ ಕೇಳಲಿಲ್ಲ.

ಇದು ಪೀಣ್ಯದ ಮಾತು ಮಾತ್ರವಲ್ಲ. ಎಲೆಕ್ಟ್ರಾನಿಕ್ಸ್ ಸಿಟಿಗೆ ಸಿಲ್ಕ್ ಬೋರ್ಡ್ ಕಡೆಯಿಂದ ಸುಮಾರು ಹತ್ತು ಕಿಲೋಮೀಟರಿನ ಎತ್ತರದ ಹೆದ್ದಾರಿ ೨೦೧೦ರಲ್ಲಿ ಬಂತು. ೨೦೨೫ರ ಆಗಸ್ಟಿನಲ್ಲಿ ಬೊಮ್ಮಸಂದ್ರದವರೆಗೆ ಮೆಟ್ರೊ ರೈಲೂ ಬಂತು. ೧೮೮೨ರಲ್ಲಿ ಚಾಮರಾಜ ಒಡೆಯರು ಆಂಗ್ಲೋ-ಇಂಡಿಯನ್ ಕುಟುಂಬಗಳ ಬೇಸಾಯಕ್ಕೆಂದು ಕೊಟ್ಟ ಭೂಮಿಯಲ್ಲಿ ಹುಟ್ಟಿದ ವೈಟ್‌ಫೀಲ್ಡಿಗೆ ೨೦೨೩ರಲ್ಲಿ ಮೆಟ್ರೊ ತಲಪಿತು. ಮೂರು ಕಡೆಯೂ ಹಾದುಹೋಗುವವರಿಗೆ ಮೇಲೊಂದು ದಾರಿ ದೊರೆಯಿತು. ಸಂತೋಷ. ಆದರೆ ರಸ್ತೆಗೆ ಹಾದುಹೋಗುವವರು ಇರುವಂತೆ ದಾಟುವವರೂ ಇದ್ದಾರೆ. ಹಾದುಹೋಗುವವನಿಗೆ ಪೀಣ್ಯವೆಂಬುದು ಐದು ನಿಮಿಷದ ವಿಳಂಬ. ದಾಟುವವಳಿಗೆ ಅದು ಊರು.

ಕನ್ನಡ ಅಧ್ಯಾಪಕನಾದ್ದರಿಂದ ಹಳೆಯ ಮಾತೊಂದನ್ನು ಎತ್ತಿದರೆ ಮನ್ನಿಸಬೇಕು. ನಮ್ಮ ಹಿರಿಯರು ದಾರಿಯೆಂದರೆ ನಡೆಯುವವನನ್ನೇ ನೆನೆಯುತ್ತಿದ್ದರು. ದಣಿದವನಿಗೆ ಅರವಟ್ಟಿಗೆ, ಬಿಸಿಲಿಗೆ ಸಾಲುಮರ, ರಾತ್ರಿಗೆ ಛತ್ರ. ದಾಸರಹಳ್ಳಿಯ ಬಳಿ ಇಂದಿಗೂ ಉಳಿದಿರುವ 'ಎಂಟನೇ ಮೈಲಿ' ಎಂಬ ಹೆಸರು ದಾರಿಯನ್ನು ಮೈಲಿಗಲ್ಲುಗಳಿಂದ ಅಳೆಯುತ್ತಿದ್ದ ಕಾಲದ್ದು. ಮಾಗಡಿ ಸೀಮೆಯ ಹುಲಿಕಲ್ಲು-ಕುದೂರು ದಾರಿಯಲ್ಲಿ ಆಲದ ಸಸಿಗಳನ್ನು ಮಕ್ಕಳಂತೆ ಬೆಳೆಸಿ ೨೦೨೫ರಲ್ಲಿ ಕಣ್ಮರೆಯಾದ ಸಾಲುಮರದ ತಿಮ್ಮಕ್ಕನವರ ಮನಸ್ಸಿನಲ್ಲಿದ್ದವರೂ ನೆರಳಿಲ್ಲದೆ ನಡೆಯುವವರೇ ಅಲ್ಲವೆ? ಇಂದಿನ ದಾರಿ ಚಕ್ರವನ್ನು ಮಾತ್ರ ನೆನೆಯುತ್ತದೆ, ಕಾಲನ್ನು ಮರೆತಿದೆ.

ಮರೆತದ್ದರ ಬೆಲೆ ಸಣ್ಣದಲ್ಲ. ೨೦೨೨ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ೧,೬೮,೪೯೧ ಮಂದಿ ಸತ್ತರೆಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಅವರಲ್ಲಿ ಮೂವತ್ತೆರಡು ಸಾವಿರಕ್ಕೂ ಹೆಚ್ಚು ಮಂದಿ ನಡೆದು ಹೋಗುತ್ತಿದ್ದವರು. ಭೌತಶಾಸ್ತ್ರ ಬೋಧಿಸುವ ನನ್ನ ಸಹೋದ್ಯೋಗಿ ಒಂದು ಲೆಕ್ಕ ಬಿಡಿಸಿ ತೋರಿಸಿದರು. ಗಂಟೆಗೆ ೬೦ ಕಿಲೋಮೀಟರು ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು ೧೭ ಮೀಟರು ಓಡುತ್ತದೆ. ಕಣ್ಣು ಕಂಡದ್ದು ಬುದ್ಧಿಗೆ ಮುಟ್ಟಿ, ಕಾಲು ಬ್ರೇಕನ್ನು ಮೆಟ್ಟಲು ಒಂದೇ ಸೆಕೆಂಡು ಸಾಕೆಂದರೂ ಅಷ್ಟು ದೂರ ಅದಕ್ಕೆ ತಡೆಯೇ ಇಲ್ಲ. ವೇಗ ಮೂವತ್ತಾದರೆ ಆ ದೂರ ಎಂಟೇ ಮೀಟರು. ಬ್ರೇಕು ಹಿಡಿದ ಮೇಲೆ ಉರುಳುವ ದೂರವಂತೂ ವೇಗ ಇಮ್ಮಡಿಯಾದರೆ ನಾಲ್ಕು ಪಟ್ಟಾಗುತ್ತದೆ. ದಾಟುವವರ ಜೀವ ಇರುವುದು ಈ ಅಂತರದಲ್ಲಿ.

ನಿಲ್ಲುವುದೆಂದರೆ ಬ್ರೇಕು ಹಿಡಿಯುವುದಷ್ಟೇ ಅಲ್ಲ. ಇದೇ ತುಮಕೂರು ರಸ್ತೆಯಲ್ಲಿ, ನೆಲಮಂಗಲದ ಬಳಿ, ೨೦೧೬ರ ಫೆಬ್ರವರಿಯಲ್ಲಿ ಲಾರಿಯ ಆಘಾತಕ್ಕೆ ಸಿಕ್ಕಿದ ಹರೀಶನೆಂಬ ಯುವಕನನ್ನು ನಾಡು ಮರೆಯಲಾರದು. ದೇಹ ತುಂಡಾಗಿ ಬಿದ್ದಿದ್ದಾಗಲೂ ಆತ ತನ್ನ ಅಂಗಗಳನ್ನು ದಾನ ಮಾಡಿರೆಂದು ಬೇಡಿಕೊಂಡ. ಆತನ ಕಣ್ಣುಗಳು ದಾನವಾದವು. ಸುತ್ತ ನೆರೆದವರಲ್ಲಿ ಕೆಲವರು ಚಿತ್ರ ತೆಗೆಯುತ್ತಿದ್ದರೆಂದು ಪತ್ರಿಕೆಗಳು ಬರೆದವು. ಮರು ತಿಂಗಳೇ ರಾಜ್ಯ ಸರ್ಕಾರ ಆತನ ಹೆಸರಿನಲ್ಲಿ, ಗಾಯಾಳುಗಳಿಗೆ ಮೊದಲ ೪೮ ಗಂಟೆ ೨೫,೦೦೦ ರೂಪಾಯಿಗಳವರೆಗೆ ಉಚಿತ ಚಿಕಿತ್ಸೆ ನೀಡುವ ಯೋಜನೆಯನ್ನು ಆರಂಭಿಸಿತು. ೨೦೨೫ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವೂ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಗಳ ಚಿಕಿತ್ಸೆಯ ಯೋಜನೆಯನ್ನು ಪ್ರಕಟಿಸಿತು. ಗಾಯಾಳುವನ್ನು ಎತ್ತಿಕೊಂಡವನನ್ನು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಕಾಡಬಾರದೆಂದು, ಹೆಸರು ಹೇಳುವಂತೆಯೂ ಬಲವಂತ ಮಾಡಬಾರದೆಂದು ೨೦೧೯ರಲ್ಲಿ ತಿದ್ದಿದ ಮೋಟಾರು ವಾಹನ ಕಾಯಿದೆ ರಕ್ಷಣೆ ಕೊಟ್ಟಿದೆ. "ನಮಗೇಕೆ ಕೋರ್ಟು ಕಚೇರಿ?" ಎಂಬ ಹಳೆಯ ನೆಪ ಇನ್ನು ನಡೆಯದು. ೧೦೮ಕ್ಕೋ ೧೧೨ಕ್ಕೋ ಒಂದು ಕರೆ, ಪಕ್ಕದಲ್ಲಿ ಕುಳಿತು ಎರಡು ಧೈರ್ಯದ ಮಾತು: ಇಷ್ಟು ಯಾರಿಂದಲೂ ಸಾಧ್ಯ.

ನಮ್ಮ ಬಡಾವಣೆಗಳ ಸಂಘಗಳಿಗೂ ಒಂದು ವಿನಂತಿ. ನೀರು, ಕಸ, ಉದ್ಯಾನಗಳ ವಿಚಾರವನ್ನು ಶ್ರದ್ಧೆಯಿಂದ ನಡೆಸುತ್ತೀರಿ. ಮುಂದಿನ ಸಭೆಯಲ್ಲಿ ಇನ್ನೊಂದು ಪ್ರಶ್ನೆ ಇರಲಿ: ನಮ್ಮ ಮನೆಯ ಕೆಲಸದವರು, ಕಾವಲಿನವರು, ಶಾಲೆಯ ಮಕ್ಕಳು ದಿನವೂ ಎಲ್ಲಿ ದಾಟುತ್ತಾರೆ? ಒಂದು ಸಂಜೆ ಅಲ್ಲಿಗೆ ಹೋಗಿ ನಿಲ್ಲಿ. ಮಾಸಿದ ಬಿಳಿಯ ಪಟ್ಟೆ, ಉರಿಯದ ದೀಪ, ಅಂಗಡಿಯವರು ನುಂಗಿದ ಕಾಲುದಾರಿ ಕಣ್ಣಿಗೆ ಬೀಳುತ್ತವೆ. ಆಮೇಲೆ ಬರೆಯುವ ಅರ್ಜಿಯ ಧ್ವನಿಯೇ ಬೇರೆಯಾಗುತ್ತದೆ.

ಇನ್ನು ನನ್ನ ತಪ್ಪೊಪ್ಪಿಗೆ. ವರ್ಷಗಳಿಂದ ಸ್ಕೂಟರಿನಲ್ಲಿ ಕಾಲೇಜಿಗೆ ಹೋಗುವ ನಾನು ದಾಟುವವರಿಗಾಗಿ ಎಂದೂ ನಿಂತವನಲ್ಲ. ಮೊದಲ ಗಂಟೆಯ ತರಗತಿ ತಪ್ಪೀತೆಂಬ ನೆಪ ಸದಾ ಸಿದ್ಧವಾಗಿರುತ್ತಿತ್ತು.

ಸೋಮವಾರ ಸ್ಕೂಟರು ದುರಸ್ತಿಯಾಗಿ ಬಂತು. ದಾರಿಯಲ್ಲಿ, ಬಿಳಿಯ ಪಟ್ಟೆಯ ತುದಿಯಲ್ಲಿ, ಹಾಲಿನ ಪೊಟ್ಟಣ ಹಿಡಿದ ಅಜ್ಜಿಯೊಬ್ಬರು ಒಂಟಿಯಾಗಿ ನಿಂತಿದ್ದರು. ನಿಲ್ಲಿಸಿದೆ. ಹಿಂದಿನ ಹಾರನ್ನುಗಳು ನನ್ನ ವಂಶವನ್ನೆಲ್ಲ ಸ್ಮರಿಸಿದವು. ಅಜ್ಜಿಗೆ ನಂಬಿಕೆ ಬರಲಿಲ್ಲ. "ನೀನೇ ಹೋಗಪ್ಪ" ಎಂದು ಕೈ ಬೀಸಿದರು. ನಾನು ತಲೆಯಾಡಿಸಿ, ತಾವು ಹೋಗಿ ಎಂದು ಕೈ ತೋರಿದೆ. ಅವರು ಒಂದೊಂದೇ ಹೆಜ್ಜೆಯಿಟ್ಟು ದಾಟಿದರು. ಆಚೆ ತಲಪಿ ಒಮ್ಮೆ ತಿರುಗಿ ನೋಡಿದರು.

ತರಗತಿಗೆ ಒಂದು ನಿಮಿಷ ತಡವಾಯಿತು. ಹುಡುಗರಿಗೆ ಕಾರಣ ಹೇಳಿದೆ.