ಒಬ್ಬನೇ ರೋಗಿ, ಎರಡು ಬಾಗಿಲು

ಕುಡಿತ ಬಿಡಿಸುವ ಕೇಂದ್ರಕ್ಕೆ ಕರೆದೊಯ್ದರೆ, "ಇವರಿಗೆ ಮಾನಸಿಕ ತೊಂದರೆಯಿದೆ, ಮೊದಲು ಅದನ್ನು ಗುಣಪಡಿಸಿಕೊಂಡು ಬನ್ನಿ" ಎನ್ನುತ್ತಾರೆ. ಮನೋವೈದ್ಯರಲ್ಲಿಗೆ ಹೋದರೆ, "ಮೊದಲು ಕುಡಿತ ನಿಲ್ಲಲಿ, ಆಮೇಲೆ ನೋಡೋಣ" ಎಂಬ ಉತ್ತರ. ಮಗನನ್ನೋ ಗಂಡನನ್ನೋ ಕರೆದುಕೊಂಡು ಈ ಎರಡು ಬಾಗಿಲುಗಳ ನಡುವೆ ಅಲೆದು ಸೋತ ತಾಯಂದಿರು, ಮಡದಿಯರು ನಮ್ಮ ಧರ್ಮಕೇಂದ್ರದಲ್ಲಿಲ್ಲವೆಂದು ಯಾವ ಗುರಿಕಾರರೂ ಹೇಳಲಾರರು.

ಖಿನ್ನತೆ, ವಿಪರೀತ ಭಯ, ಚಿತ್ತವಿಕಲತೆಗಳಿಂದ ಬಳಲುವವನು ನಿದ್ರೆಗಾಗಿ, ಕ್ಷಣಕಾಲದ ನೆಮ್ಮದಿಗಾಗಿ ಮದ್ಯದ ಮೊರೆಹೋಗುವುದುಂಟು. ವರ್ಷಗಟ್ಟಲೆಯ ಕುಡಿತವೇ ಖಿನ್ನತೆಯನ್ನೂ, ಇಲ್ಲದ ದನಿಗಳು ಕೇಳಿಸುವ ಭ್ರಮೆಯನ್ನೂ, ಹೆಂಡತಿಯ ಶೀಲದ ಮೇಲೆ ಹುರುಳಿಲ್ಲದ ಸಂಶಯವನ್ನೂ ಹುಟ್ಟಿಸುವುದೂ ಉಂಟು. ಯಾವುದು ಮೊದಲೆಂದು ನಿರ್ಣಯಿಸುವುದು ವೈದ್ಯರಿಗೂ ಸುಲಭವಲ್ಲ. ಮದ್ಯದಿಂದಲೇ ಬಂದ ಖಿನ್ನತೆ ಕುಡಿತ ಬಿಟ್ಟ ಕೆಲವು ವಾರಗಳಲ್ಲಿ ಬಹುಮಟ್ಟಿಗೆ ಇಳಿಯುತ್ತದೆ. ಇಳಿಯದಿದ್ದರೆ ಅದಕ್ಕೆಂದೇ ಚಿಕಿತ್ಸೆ ಬೇಕು. ಆದರೆ ಸಾಯುವ ಮಾತನ್ನಾಡುತ್ತಿರುವವನನ್ನು ಅಷ್ಟು ದಿನ ಕಾಯಿಸುವುದು ಸಲ್ಲದು. ಒಂದಕ್ಕೆ ಮದ್ದು ಮಾಡಿ ಇನ್ನೊಂದನ್ನು ಬಿಟ್ಟರೆ, ಉಳಿದದ್ದು ಹೋದದ್ದನ್ನು ಮರಳಿ ಕರೆತರುತ್ತದೆ. ಎರಡಕ್ಕೂ ಒಂದೇ ತಂಡ ಏಕಕಾಲದಲ್ಲಿ ಚಿಕಿತ್ಸೆ ನೀಡಬೇಕೆಂದು ತಜ್ಞರು ಹೇಳುವುದು ಇದಕ್ಕಾಗಿಯೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ಕೇಂದ್ರ ಮನೋವೈದ್ಯರ ಕೈಯಲ್ಲೇ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಮದ್ಯ ಹಾಗೂ ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಮನೋರೋಗದ ವ್ಯಾಖ್ಯೆಯಲ್ಲಿ ಸೇರಿಸಿದೆ. ಇಷ್ಟಾದರೂ ರೋಗಿಯನ್ನು ಅತ್ತಿಂದಿತ್ತ ಸಾಗಹಾಕುವುದು ನ್ಯಾಯವೇ?

ವೈದ್ಯರನ್ನಷ್ಟೇ ದೂರಿ ನಾವು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಮನೆಗಳಲ್ಲಿ ಕುಡಿತವನ್ನು ಹೇಗೋ ಒಪ್ಪಿಕೊಳ್ಳುತ್ತೇವೆ, ಮನೋರೋಗವನ್ನು ಮಾತ್ರ ಮುಚ್ಚಿಡುತ್ತೇವೆ. ತಂಗಿಯ ಮದುವೆಯ ಮಾತುಕತೆ ಕೆಟ್ಟೀತೆಂಬ ಅಂಜಿಕೆ. ಮದುವೆ ಮಾಡಿದರೆ ಸರಿಹೋಗುತ್ತಾನೆಂದು ಅರಿಯದ ಹುಡುಗಿಯೊಬ್ಬಳ ಬಾಳನ್ನು ಪಣಕ್ಕಿಡುವವರೂ ಇದ್ದಾರೆ. ಕುಡಿತ ಬಿಡಿಸುವ ಮಾತ್ರೆಯನ್ನು ಗುಟ್ಟಾಗಿ ಸಾರಿನಲ್ಲಿ ಬೆರೆಸುವವರಿದ್ದಾರೆ. ಡೈಸಲ್ಫಿರಾಮ್ ಎಂಬ ಆ ಮಾತ್ರೆಯ ಮೇಲೆ ಅರಿಯದೆ ಮದ್ಯ ಸೇವಿಸಿದರೆ ಪ್ರಾಣಕ್ಕೇ ಕುತ್ತು, ಚಿತ್ತವಿಕಲತೆ ಇದ್ದವರಲ್ಲಿ ಅದು ಭ್ರಮೆಯನ್ನೂ ಕೆರಳಿಸಬಲ್ಲದು. ಬಹುಕಾಲ ವಿಪರೀತ ಕುಡಿದವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಫಿಟ್ಸ್, ಸನ್ನಿ ಬರಬಹುದು. ಇನ್ನು, ಕುಡಿತ ಬಿಟ್ಟು ಬಂದವನಿಗೆ "ಮಾತ್ರೆಯೂ ಒಂದು ಚಟವೇ, ಅದನ್ನೂ ಬಿಡು" ಎಂದು ಬುದ್ಧಿ ಹೇಳುವ ಹಿತೈಷಿಗಳು! ಆಲ್ಕೋಹಾಲಿಕ್ಸ್ ಅನಾನಿಮಸ್ ಸಂಘವೇ ತನ್ನ ಸದಸ್ಯರು ವೈದ್ಯರಂತೆ ಸಲಹೆ ನೀಡಬಾರದೆಂದು ತಿಳಿಸಿದೆ. ರೋಸಿನ ಸಂಜೆ ಅಂಥವನ ಕೈಗೆ ಗ್ಲಾಸು ತುರುಕುವ ನೆಂಟರ ಬಗ್ಗೆ ಬರೆಯದಿರುವುದೇ ಲೇಸು.

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಮದ್ಯವ್ಯಸನಿಗಳಲ್ಲಿ ಶೇಕಡಾ 86ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಬಾಗಿಲವರೆಗೆ ಬಂದ ಉಳಿದ ಕೆಲವರನ್ನಾದರೂ ಹಿಂದಕ್ಕೆ ಕಳುಹಿಸದಿರುವ ವ್ಯವಸ್ಥೆ ಆಗಬೇಕು. ನಮ್ಮವರು ನಡೆಸುವ ಆಸ್ಪತ್ರೆಗಳೂ ವ್ಯಸನಮುಕ್ತಿ ಕೇಂದ್ರಗಳೂ ಒಂದೇ ಊರಿನಲ್ಲಿರುವ ಕಡೆ, ವಾರಕ್ಕೊಮ್ಮೆ ಮನೋವೈದ್ಯರು ಕೇಂದ್ರಕ್ಕೆ ಬಂದು ಹೋಗುವಂತೆ ಮಾಡುವುದು ದೊಡ್ಡ ಖರ್ಚಿನ ಮಾತಲ್ಲ. ಮನೆಯವರು ವೈದ್ಯರ ಮುಂದೆ ಎರಡನ್ನೂ ಹೇಳಲಿ: ಕುಡಿತ ಎಂದಿನಿಂದ, ಮನಸ್ಸಿನ ಏರುಪೇರು ಎಂದಿನಿಂದ, ಕುಡಿಯದಿದ್ದ ತಿಂಗಳುಗಳಲ್ಲಿ ಹೇಗಿದ್ದ, ಈಗ ಯಾವ ಮಾತ್ರೆ ನುಂಗುತ್ತಿದ್ದಾನೆ. ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಎಲ್ಲಿಗೆ ಹೋಗುವುದೆಂದು ತಿಳಿಯದವರು ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.