ಕಾನೂನು ಪರಿಚಯ: ದುಡಿಯುವವರ ಪರವಾಗಿ ಮಾತನಾಡುವವರು



ಕಾರ್ಕಳದ ಗೇರುಬೀಜ ಕಾರ್ಖಾನೆ, ಕಾಪುವಿನ ಸುತ್ತಲಿನ ಬೀಡಿ ಕಟ್ಟುವ ಮನೆಗಳು, ಮಣಿಪಾಲದ ಮುದ್ರಣಾಲಯ – ಎಲ್ಲಿಯೇ ಆಗಲಿ, ‘ನಾಳೆಯಿಂದ ಕೆಲಸಕ್ಕೆ ಬರಬೇಡ’ ಎಂಬ ಒಂದು ಮಾತು ಮನೆಯ ಒಲೆಯನ್ನೇ ಆರಿಸಬಲ್ಲದು. ‘ವಕೀಲರಿಗೆ ಕೊಡಲು ನಮ್ಮಲ್ಲಿ ಹಣವೆಲ್ಲಿ?’ ಎಂದು ಅನೇಕರು ಅಲ್ಲಿಗೇ ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾಗಬೇಕಾಗಿಲ್ಲ.

1987ರಲ್ಲಿ ರಚಿತವಾಗಿ 1995ರ ನವೆಂಬರ್ 9ರಿಂದ ಜಾರಿಗೆ ಬಂದ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೆಯ ಕಲಮಿನಂತೆ ಮಹಿಳೆಯರೂ ಕೈಗಾರಿಕಾ ಕಾರ್ಮಿಕರೂ ಉಚಿತ ಕಾನೂನು ನೆರವಿಗೆ ಅರ್ಹರು. ಇವರಿಗೆ ಆದಾಯದ ಮಿತಿಯಿಲ್ಲ. ಉಡುಪಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. 15100 ಎಂಬ ಸಹಾಯವಾಣಿಗೂ ಕರೆ ಮಾಡಬಹುದು.

ಮನೆಯಲ್ಲೇ ಬೀಡಿ ಕಟ್ಟುವ ತಾಯಂದಿರು ‘ನಾವೂ ಕಾರ್ಮಿಕರೇ?’ ಎಂದು ಸಂಶಯಪಡುವುದುಂಟು. 1966ರ ಬೀಡಿ ಕಾರ್ಮಿಕರ ಕಾಯ್ದೆ ಅವರನ್ನೂ ಕಾರ್ಮಿಕರೆಂದೇ ಎಣಿಸಿತ್ತು. ಮಾಲೀಕರು ಅದನ್ನು ಪ್ರಶ್ನಿಸಿದಾಗ, ಮಂಗಳೂರು ಗಣೇಶ ಬೀಡಿ ವರ್ಕ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1974ರಲ್ಲಿ ಆ ಕಾಯ್ದೆಯನ್ನು ಎತ್ತಿಹಿಡಿಯಿತು.

ಇನ್ನೊಂದು ವಿಷಯ ಬಹುಮಂದಿಗೆ ತಿಳಿದಿಲ್ಲ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಸ್ಥಾನದಲ್ಲಿ 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಯಲ್ಲಿದೆ. ಎರಡರಲ್ಲಿಯೂ ನಿಯಮ ಒಂದೇ: ರಾಜಿ ಸಂಧಾನದ ಹಂತದಲ್ಲಿ ಯಾವ ಪಕ್ಷಕ್ಕೂ ವಕೀಲರಿಲ್ಲ. ಕಾರ್ಮಿಕನ ಪರವಾಗಿ ಸಂಘದ ಪದಾಧಿಕಾರಿ ಮಾತನಾಡಬಹುದು. ನ್ಯಾಯಮಂಡಳಿಯಲ್ಲಾದರೋ, ಎದುರು ಪಕ್ಷದ ಒಪ್ಪಿಗೆ ಹಾಗೂ ಮಂಡಳಿಯ ಅನುಮತಿ ಇದ್ದರೆ ಮಾತ್ರ ವಕೀಲರು ಬರಬಹುದು. ಹಣವಂತನ ವಕೀಲನೆದುರು ಬಡವ ಒಂಟಿಯಾಗಬಾರದೆಂಬುದೇ ಇದರ ಆಶಯ. ಆದರೆ ವಕೀಲನೇ ಮಾಲೀಕರ ಸಂಸ್ಥೆಯ ಅಧಿಕಾರಿಯಾಗಿದ್ದರೆ ಆತ ಆ ನೆಲೆಯಲ್ಲಿ ವಾದಿಸಬಹುದೆಂದು ಪಾರಾದೀಪ್ ಬಂದರು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದಕಾರಣ ಮಾಲೀಕರ ವಕೀಲರಿಗೆ ಒಪ್ಪಿಗೆ ಕೇಳಿದಾಗ ಕಣ್ಣುಮುಚ್ಚಿ ಸಹಿ ಹಾಕಬೇಡಿರಿ. ಮೊದಲು ಪ್ರಾಧಿಕಾರದಿಂದ ನಿಮ್ಮ ವಕೀಲರನ್ನು ಪಡೆಯಿರಿ. ಸಂಧಾನದ ಕೋಣೆಗೆ ಅವರು ಬರಲಾಗದಿದ್ದರೂ, ಏನು ಬರೆಯಬೇಕು, ಏನು ಹೇಳಬೇಕೆಂಬ ಸಲಹೆಯನ್ನು ಹೊರಗೆ ಪಡೆಯಲು ಅಡ್ಡಿಯಿಲ್ಲ.

ತಡ ಮಾಡಬಾರದು. ವಿವಾದ ಹುಟ್ಟಿ ಎರಡು ವರ್ಷ ಕಳೆದರೆ ಸಂಧಾನಾಧಿಕಾರಿ ಅದನ್ನು ಕೈಗೆತ್ತಿಕೊಳ್ಳುವಂತಿಲ್ಲ. ನೇಮಕಾತಿ ಪತ್ರ, ಸಂಬಳದ ಚೀಟಿ, ಭವಿಷ್ಯ ನಿಧಿಯ ಸಂಖ್ಯೆ, ಬೀಡಿಯ ಲೆಕ್ಕದ ಪುಸ್ತಕ – ಇವನ್ನು ಮನೆಯ ಪೆಟ್ಟಿಗೆಯಲ್ಲಿ ಜೋಪಾನವಾಗಿಡಿರಿ.

ಕಾಯಕವನ್ನು ಪೂಜೆಯೆಂದು ಬಗೆದವರು ನಾವು. ಕಾಯಕ ಕಳೆದುಕೊಂಡ ನೆರೆಯವರ ಜೊತೆ ಒಂದು ದಿನ ಉಡುಪಿಯ ಆ ಕಚೇರಿಯವರೆಗೆ ಹೋಗಿಬರುವುದೂ ದಾಸೋಹವೇ ಸರಿ.