ಕಾಗದವಿದೆ, ವಿಮೆಯಿಲ್ಲ

ಸಾರಿಗೆ ಕಚೇರಿಯ ಆಸುಪಾಸಿನಲ್ಲಿ ಹತ್ತೇ ನಿಮಿಷದಲ್ಲಿ ವಾಹನಕ್ಕೆ ವಿಮೆ ಮಾಡಿಸಿಕೊಡುವವರಿಗೆ ಬರವಿಲ್ಲ. ಅವರಲ್ಲಿ ಪ್ರಾಮಾಣಿಕರೂ ಇದ್ದಾರೆ. ಆದರೆ ಆಟೋ ಓಡಿಸುವವನೋ ಮೀನಿನ ಟೆಂಪೋ ಇಟ್ಟವನೋ ತನ್ನ ಮುಂದಿರುವಾತ ಯಾರೆಂದು ವಿಚಾರಿಸುವುದಿಲ್ಲ. ಪೊಲೀಸರು ತಡೆದಾಗ ತೋರಿಸಲು ಒಂದು ಕಾಗದ ಸಿಕ್ಕರೆ ಸಾಕೆಂಬುದು ಅವನ ಲೆಕ್ಕಾಚಾರ. ವಂಚಕರು ಬದುಕುತ್ತಿರುವುದೇ ಈ ಲೆಕ್ಕಾಚಾರದ ಮೇಲೆ. ಬೈಕಿನ ಅಗ್ಗದ ಕಂತು ಕಟ್ಟಿ, ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ತಿದ್ದಿ, ಅದೇ ಪಾಲಿಸಿಯನ್ನು ಕಾರಿನದ್ದೆಂದು ಮಾರಿದ ಪ್ರಕರಣಗಳು ದೇಶದ ಹಲವೆಡೆ ಬೆಳಕಿಗೆ ಬಂದಿವೆ.

1988ರ ಮೋಟಾರು ವಾಹನ ಕಾಯ್ದೆಯು ಮೂರನೇ ವ್ಯಕ್ತಿಯ ವಿಮೆಯನ್ನು ಕಡ್ಡಾಯಗೊಳಿಸಿದ್ದು ವಾಹನದ ಮಾಲಕನ ಮೇಲಿನ ಪ್ರೀತಿಯಿಂದಲ್ಲ. ಅದು ರಸ್ತೆ ದಾಟುತ್ತಿದ್ದ ಅಪರಿಚಿತನ ಹಕ್ಕು. ಅಪಘಾತದ ಬಳಿಕ ನ್ಯಾಯಮಂಡಳಿಯಲ್ಲಿ ಪಾಲಿಸಿ ನಕಲಿಯೆಂದು ಸಾಬೀತಾದರೆ ಕಂಪೆನಿ ಕೈ ತೊಳೆದುಕೊಳ್ಳುತ್ತದೆ. ಪರಿಹಾರದ ಹೊರೆ ಮಾಲಕನ ಮೇಲೆ ಬೀಳುತ್ತದೆ. ಟೆಂಪೋದ ಸಾಲವನ್ನೇ ತೀರಿಸಲಾಗದವನು ಲಕ್ಷಗಟ್ಟಲೆ ಹಣವನ್ನು ಎಲ್ಲಿಂದ ತರಬೇಕು? ಸತ್ತವನ ಮನೆಯವರು ಯಾರ ಬಾಗಿಲು ತಟ್ಟಬೇಕು?

ವಿಮೆಯ ಧಾರ್ಮಿಕ ಸಿಂಧುತ್ವದ ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ ನಿಜ. ಆದರೆ ‘ಕಾನೂನಿನ ಕಾಟಕ್ಕೆ ಒಂದು ಕಾಗದ’ ಎಂಬ ಉದಾಸೀನಕ್ಕೆ ಆ ಚರ್ಚೆಯನ್ನು ಗುರಾಣಿಯಾಗಿಸುವುದನ್ನು ನಾವು ಒಪ್ಪಲಾರೆವು. ಇನ್ನೊಬ್ಬನ ಪ್ರಾಣದ ಹೊಣೆ ಅದರಲ್ಲಿ ಅಡಗಿದೆ.

ಮೂರನೇ ವ್ಯಕ್ತಿಯ ವಿಮೆಯ ಮೂಲ ದರವನ್ನು ನಿಗದಿಪಡಿಸುವುದು ಕೇಂದ್ರ ಸರಕಾರ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಂತೆ 75ರಿಂದ 150 ಸಿಸಿಯ ಬೈಕಿಗೆ ವರ್ಷಕ್ಕೆ 714 ರೂಪಾಯಿ, ತೆರಿಗೆ ಬೇರೆ. ಹೀಗಿರುವಾಗ ಅರ್ಧ ಬೆಲೆಗೆ ವಿಮೆ ಕೊಡುತ್ತೇನೆ ಎನ್ನುವವನು ಉಳಿದರ್ಧವನ್ನು ತನ್ನ ಕಿಸೆಯಿಂದ ಕಟ್ಟುತ್ತಾನೆಯೇ? 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ ಐದು ವರ್ಷದ, ಹೊಸ ಕಾರಿಗೆ ಮೂರು ವರ್ಷದ ವಿಮೆಯನ್ನು ಖರೀದಿಯ ಹೊತ್ತಿಗೇ ಮಾಡಿಸಬೇಕಾಗಿದೆ. ಹಾಗಾಗಿ ಎಚ್ಚರ ತಪ್ಪುವುದು ಹೆಚ್ಚಾಗಿ ನವೀಕರಣದ ವೇಳೆ.

ಅಧಿಕೃತ ಏಜೆಂಟನಿಂದಲೇ ಕೊಳ್ಳಬೇಕೆನ್ನುವುದಕ್ಕೆ ಕಾನೂನಿನ ಕಾರಣವೂ ಇದೆ. 2015ರಲ್ಲಿ ತಿದ್ದುಪಡಿಗೊಂಡ ವಿಮಾ ಕಾಯ್ದೆಯ 42ನೇ ಸೆಕ್ಷನ್ ಏಜೆಂಟನ ಕೃತ್ಯಗಳಿಗೆ ಕಂಪೆನಿಯನ್ನು ಹೊಣೆಯಾಗಿಸುತ್ತದೆ. ದಾರಿಹೋಕನ ಕೃತ್ಯಕ್ಕೆ ಹೊಣೆ ಯಾರು? ಆದ್ದರಿಂದ ಏಜೆಂಟನ ಗುರುತಿನ ಪತ್ರ ಕೇಳಲು ಸಂಕೋಚ ಬೇಡ, ಆತ ನೆಂಟನಾದರೂ ಸರಿ. ಹಣ ಕಂಪೆನಿಯ ಹೆಸರಿಗೇ ಹೋಗಲಿ. ಪಾಲಿಸಿ ಸಂಖ್ಯೆಯನ್ನು ಕಾಗದದ ಮೇಲೆ ಮುದ್ರಿಸಿದ ದೂರವಾಣಿಗಲ್ಲ, ಕಂಪೆನಿಯ ಶಾಖೆಗೇ ಕೇಳಿ ಖಚಿತಪಡಿಸಿಕೊಳ್ಳಿ. ಎಂ-ಪರಿವಾಹನ್ ಆ್ಯಪ್‌ನಲ್ಲೂ ವಾಹನದ ವಿಮೆಯ ವಿವರ ನೋಡಬಹುದು. ದೂರಿದ್ದರೆ ವಿಮಾ ನಿಯಂತ್ರಣ ಪ್ರಾಧಿಕಾರದ ಸಹಾಯವಾಣಿ 155255.

ಇಷ್ಟೆಲ್ಲ ಎಚ್ಚರ ಬಡ ಚಾಲಕನೊಬ್ಬನ ಕರ್ತವ್ಯವೇ? ಸಾರಿಗೆ ಕಚೇರಿಯ ಗೋಡೆಯ ಮೇಲೆ ಆ ಊರಿನ ಅಧಿಕೃತ ಏಜೆಂಟರ ಪಟ್ಟಿಯನ್ನು ಕನ್ನಡದಲ್ಲಿ ತೂಗುಹಾಕಲು ಯಾವ ಹೊಸ ಕಾನೂನೂ ಬೇಕಿಲ್ಲ. ಜಿಲ್ಲಾಡಳಿತಗಳು ಆ ಕೆಲಸವನ್ನು ಈ ತಿಂಗಳಲ್ಲೇ ಮಾಡಬಹುದು.